ದೊಡ್ಡಮ್ಮನ ಸೆಕೆ

ಈ ಸಲ ನವರಾತ್ರಿಯಲ್ಲಿ ಗೊಂಬೆ ನೋಡೋಕೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು. ಚರ್ಪು ಕೈಗೆ ಕೊಡುವಷ್ಟರಲ್ಲಿ ಶುರು. "ಮಗಳು ಹೋದ ಮೇಲೆ ಮನೆ ಬಿಕೋ ಅನ್ನುತ್ತಲ್ವಾ?" ಹೌದು ಅಂದರೆ ಅವರಿಗೆ ಸಮಾಧಾನ. ಇಲ್ಲ ಅಂದರೆ ನನ್ನ ಮುಖವನ್ನೇ ನೋಡುತ್ತಾರೆ, ಪಾಪ, ಧೈರ್ಯ ತಂದುಕೊಂಡಿದ್ದಾಳೆ ಅನ್ನೋ ಹಾಗೆ. ಮೊದಮೊದಲು ನಿಜ ಹೇಳಿ ನೋಡಿದೆ. ಆಮೇಲೆ ಸುಮ್ನೆ "ಹೂಂ, ಬಿಕೋ ಅನ್ನುತ್ತೆ" ಅನ್ನತೊಡಗಿದೆ. ಮಾತು ಬೇಗ ಮುಗಿಯುತ್ತೆ. ಅವರು ಗೊಂಬೆ ನೋಡುತ್ತಾರೆ.

ಮಗಳು ಸೆಪ್ಟೆಂಬರ್ ಕೊನೆಗೆ ಜರ್ಮನಿಗೆ ಹೋದಳು, ಎಂ.ಎಸ್. ಓದೋಕೆ. ಡ್ರೆಸ್ಡೆನ್ ಅಂತ ಊರು. ವಿಮಾನ ಹತ್ತುವ ಮುಂಚೆ ನಾನು ಅಳುತ್ತೇನೆ ಅಂತ ಅವಳೂ ಕಾದಳು, ಅವಳ ಅಪ್ಪನೂ ಕಾದರು, ನಾನೂ ಕಾದೆ. ಅಳು ಬರಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಇವರೇ ಕಣ್ಣೊರೆಸಿಕೊಂಡರು. ಮದ್ದೂರಿನಲ್ಲಿ ಇಳಿದು ವಡೆ ತಿಂದೆವು. ನನಗೆ ಸಿಕ್ಕಾಪಟ್ಟೆ ಹಸಿವಾಗಿತ್ತು. ಇದನ್ನು ಗೊಂಬೆ ನೋಡಲು ಬಂದವರಿಗೆ ಹೇಗೆ ಹೇಳೋದು?

ಮಗಳ ಮೇಲೆ ಪ್ರೀತಿ ಕಮ್ಮಿ ಅಂತಲ್ಲ. ಅವಳ ಕೋಣೆ ಮುಂದೆ ಹಾದುಹೋಗುವಾಗ ಕಾಲು ಒಂದು ಕ್ಷಣ ನಿಲ್ಲುತ್ತದೆ, ನಿಜ. ಆದರೆ ಎಲ್ಲರೂ ಹೇಳುವ ಆ ಖಾಲಿತನ ಮಾತ್ರ ನನ್ನೊಳಗೆ ಸಿಗುತ್ತಿಲ್ಲ. ಅದರ ಬದಲಿಗೆ ಬೇರೇನೋ ಇದೆ. ಎಚ್ಚರ ಅನ್ನಬಹುದೇನೋ. ಒಂಥರಾ ಖರ್ಚಾಗದೆ ಉಳಿದ ಶಕ್ತಿ. ಅದು ಹಗಲಲ್ಲಿ ಬಂದಿದ್ದರೆ ಉಪಯೋಗಕ್ಕೆ ಬರುತ್ತಿತ್ತು. ಬ್ಯಾಂಕಿನಲ್ಲಿ ನನ್ನ ಮೇಜಿನ ಮೇಲೆ ಬೇಕಾದಷ್ಟು ಫೈಲುಗಳಿವೆ. ಅದು ಬರುವುದು ರಾತ್ರಿ ಎರಡೂವರೆ ಮೂರು ಗಂಟೆಗೆ. ಎದೆಯಿಂದ ಒಂದು ಬಿಸಿ ಎದ್ದು ಕುತ್ತಿಗೆ, ಕಿವಿ, ನೆತ್ತಿವರೆಗೆ ಏರುತ್ತೆ. ಮೈಯೆಲ್ಲ ಬೆವರು. ಫ್ಯಾನ್ ಜೋರು ಮಾಡಿದರೆ ಪಕ್ಕದವರಿಗೆ ಚಳಿ. ಮತ್ತೆ ನಿದ್ದೆ ಇಲ್ಲ.

ಡಾಕ್ಟರ್ ಹೇಳಿದ್ದು ಇಷ್ಟು. ಮುಟ್ಟು ನಿಲ್ಲುವ ಮುಂಚಿನ ಕಾಲ ಇದು, ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ಕೆಲವು ವರ್ಷ. ಸತತ 12 ತಿಂಗಳು ಮುಟ್ಟಾಗದಿದ್ದರೆ ಆಗ ನಿಂತಿತು ಅಂತ ಲೆಕ್ಕ. ನಮ್ಮ ದೇಶದಲ್ಲಿ ಸರಾಸರಿ 46–47ರ ಆಸುಪಾಸಿನಲ್ಲಿ ನಿಲ್ಲುತ್ತದಂತೆ, ನನ್ನದು ಸ್ವಲ್ಪ ತಡ. ಈಸ್ಟ್ರೋಜನ್ ಏರಿಳಿಯುವಾಗ ಮೆದುಳಿನಲ್ಲಿ ಮೈಶಾಖ ನೋಡಿಕೊಳ್ಳುವ ಜಾಗ ಗಲಿಬಿಲಿಯಾಗುತ್ತೆ. ಇಲ್ಲದ ಸೆಕೆಗೆ ಮೈ ಬೆವರು ಸುರಿಸುತ್ತೆ. ಕಾಫಿ ಕಮ್ಮಿ ಮಾಡಿ ಅಂದರು. ಮೈಸೂರಿನಲ್ಲಿದ್ದು ಕಾಫಿ ಕಮ್ಮಿ ಮಾಡೋದು ಹೇಗೋ ಅವರೇ ಹೇಳಬೇಕು.

ಹಾಗಾಗಿ ಈ ಎರಡು ತಿಂಗಳು ನಾನು ರಾತ್ರಿ ಓದುವವಳಾಗಿದ್ದೇನೆ. ಮಗಳ ಕೋಣೆಯಲ್ಲಿ, ಅವಳ ಟೇಬಲ್ ಲ್ಯಾಂಪ್ ಹಾಕಿಕೊಂಡು, ಕಿಟಕಿ ತೆಗೆದು.

ಎಲೆ ಉದುರದ ಊರು

ಅಕ್ಟೋಬರ್ ಮಧ್ಯದಲ್ಲಿ ಮಗಳು ಫೋಟೋಗಳನ್ನು ಕಳಿಸತೊಡಗಿದಳು. ಬೀದಿ ತುಂಬ ಹಳದಿ ಎಲೆ, ಕೆಂಪು ಎಲೆ, ಎಲೆ ರಾಶಿ ಮೇಲೆ ಅವಳ ಹೊಸ ಬೂಟು. ಚೆನ್ನಾಗಿದೆ, ಇಲ್ಲ ಅನ್ನೋದಿಲ್ಲ. ನಾವು ಕ್ಯಾಲೆಂಡರಿನಲ್ಲಿ, ಬಿಸ್ಕತ್ ಡಬ್ಬದ ಮೇಲೆ ನೋಡಿದ ಶರತ್ಕಾಲ ಅದೇ. ಯಾಕೆ ಹಾಗೆ ಬಣ್ಣ ಬರುತ್ತೆ ಅಂತ ಕೇಳಿದ್ದಕ್ಕೆ ಉದ್ದದ ವಾಯ್ಸ್ ಮೆಸೇಜ್ ಕಳಿಸಿದಳು. ದಿನ ಚಿಕ್ಕದಾದಂತೆ ಮರ ಎಲೆಯೊಳಗಿನ ಹಸಿರನ್ನು ಒಡೆದು, ಎಲೆಯಲ್ಲಿರುವ ಸಾರಜನಕವನ್ನು ಕೊಂಬೆಗೆ ವಾಪಸ್ ಎಳೆದುಕೊಳ್ಳುತ್ತಂತೆ. ಹಳದಿ ಮೊದಲಿಂದಲೂ ಎಲೆಯಲ್ಲಿ ಇರುತ್ತೆ, ಹಸಿರು ಹೋದ ಮೇಲೆ ಕಣ್ಣಿಗೆ ಬೀಳುತ್ತೆ. ಕೆಂಪು ಮಾತ್ರ ಆ ಹೊತ್ತಿಗೆ ಹೊಸದಾಗಿ ತಯಾರಾಗೋದು. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆದು ಎಲೆ ಕಳಚಿಕೊಳ್ಳುತ್ತದೆ. "ಬಿಡೋ ಮುಂಚೆ ಎಲ್ಲ ವಸೂಲಿ ಮಾಡ್ಕೊಳತ್ತೆ ಅಮ್ಮ, ನಿನ್ನ ಬ್ಯಾಂಕ್ ಥರ" ಅಂದಳು. ನಾನು ನಕ್ಕೆ. ನನ್ನಿಂದ ಅವಳು ವಸೂಲಿ ಮಾಡಿದ್ದೇ ಜಾಸ್ತಿ, ಆ ಮಾತು ಬೇರೆ.

ಆದರೆ ಆ ಫೋಟೋಗಳನ್ನು ನೋಡುತ್ತಾ ಒಂದು ವಿಷಯ ಕಾಡತೊಡಗಿತು. ನನ್ನ ವಯಸ್ಸಿನ ಬಗ್ಗೆ ಯಾರೇ ಬರೆಯಲಿ, ಆರೋಗ್ಯದ ಅಂಕಣದಲ್ಲಾಗಲಿ ವಾಟ್ಸಾಪಿನಲ್ಲಾಗಲಿ, ಒಂದು ಒಣಗಿದ ಎಲೆಯ ಚಿತ್ರ ಇದ್ದೇ ಇರುತ್ತೆ. ಬದುಕಿನ ಶರತ್ಕಾಲ ಅಂತ ಮೇಲೆ ಬರೆದಿರುತ್ತೆ. ನಾವು ಅದನ್ನು ಒಪ್ಪಿಕೊಂಡೂ ಬಿಟ್ಟಿದ್ದೇವೆ. ಒಮ್ಮೆ ಕಿಟಕಿಯಿಂದ ಹೊರಗೆ ನೋಡಿದರೆ ಸಾಕು, ಇದು ನಮ್ಮ ಊರಿನ ವಿಷಯವೇ ಅಲ್ಲ ಅಂತ ಗೊತ್ತಾಗುತ್ತೆ.

ಅಶ್ವಯುಜದಲ್ಲಿ ನಮ್ಮ ಕಡೆ ಯಾವ ಮರ ಎಲೆ ಉದುರಿಸುತ್ತೆ ಹೇಳಿ? ತೇಗ, ಮತ್ತಿ, ನಂದಿ ಎಲ್ಲ ಬೋಳಾಗೋದು ಸಂಕ್ರಾಂತಿ ಆಸುಪಾಸಿನಿಂದ. ಅರಳಿ ಮರ ಶಿವರಾತ್ರಿ ಹೊತ್ತಿಗೆ. ಅದೂ ಬೋಳಾಗಿ ಇನ್ನೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತಾಮ್ರದ ಬಣ್ಣದ ಚಿಗುರು. ಶರತ್ಕಾಲದಲ್ಲಿ ಇಲ್ಲಿ ಉದುರೋದು ಹೂವು. ಬೆಳಗ್ಗೆ ಪಾರಿಜಾತ, ರಸ್ತೆ ಬದಿಯಲ್ಲಿ ಆಕಾಶಮಲ್ಲಿಗೆ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಗುಡಿಸಿ ಗುಡಿಸಿ ಬೈದುಕೊಳ್ಳುವಷ್ಟು. ಉಳಿದದ್ದೆಲ್ಲ ದಟ್ಟ ಹಸಿರು. ಕೆರೆಗಳಲ್ಲಿ ನೀರು. ಹಸ್ತ ಮಳೆ ಮುಗಿದು ಚಿತ್ತೆ ಶುರುವಾಗುವ ಹೊತ್ತು. ಕುರುಡು ಚಿತ್ತೆ ಅಂತಲೇ ಕರೆಯುತ್ತಾರೆ, ಎಲ್ಲಿ ಹೊಡೆಯುತ್ತೆ ಅಂತ ಅದಕ್ಕೇ ಗೊತ್ತಿಲ್ಲ. ಮುಂಗಾರು ಅಕ್ಟೋಬರ್ ಮಧ್ಯದಲ್ಲಿ ಹೊರಡುತ್ತೆ, ಅದರ ಬೆನ್ನಿಗೇ ಹಿಂಗಾರು ಬರುತ್ತೆ. ನಡುವೆ ಸಿಗುವ ಬಿಸಿಲು ಎಷ್ಟು ಚುರುಕು ಅಂದರೆ ಒಂದೇ ದಿನದಲ್ಲಿ ಹಪ್ಪಳ ಒಣಗುತ್ತೆ.

ಗದ್ದೆಯಲ್ಲಿ ಆಗ ಭತ್ತ ಹೊಡೆ ತುಂಬಿ ನಿಂತಿರುತ್ತೆ.

ಕಾಳಿದಾಸನ ಮದುವಣಗಿತ್ತಿ

ರಾತ್ರಿ ಓದಿನ ಮೊದಲ ಪುಸ್ತಕ 'ಋತುಸಂಹಾರ'. ಕನ್ನಡ ಗದ್ಯದಲ್ಲಿ ಅರ್ಥ ಇರುವ ಒಂದು ಹಳೆಯ ಪ್ರತಿ, ನಮ್ಮ ಮಾವನವರ ಕಪಾಟಿನಿಂದ ಬಂದದ್ದು. ಇದು ಕಾಳಿದಾಸನದ್ದೇ ಹೌದೋ ಅಲ್ಲವೋ ಎಂಬ ತಗಾದೆ ವಿದ್ವಾಂಸರಲ್ಲಿ ಹಳೆಯದು. ನನಗೆ ಅದರ ಗೊಡವೆ ಇಲ್ಲ. ಆರು ಸರ್ಗ, ಆರು ಋತು. ಬೇಸಿಗೆಯಿಂದ ಶುರುವಾಗಿ ವಸಂತಕ್ಕೆ ಮುಗಿಯುತ್ತೆ. ಮೂರನೆಯದು ಶರತ್ತು.

ಮೊದಲ ಪದ್ಯದಲ್ಲೇ ಶರತ್ತು ಹೊಸ ಮದುವಣಗಿತ್ತಿಯಾಗಿ ಬಂದುಬಿಡುತ್ತಾಳೆ. ಬಿಳಿ ಕಾಶದ ಹೂವು ಅವಳ ಸೀರೆ. ಅರಳಿದ ತಾವರೆ ಮುಖ. ಹಂಸಗಳ ಕೂಗು ಕಾಲ್ಗೆಜ್ಜೆ. ಬಲಿಯುತ್ತಿರುವ ಭತ್ತದ ಹಾಗೆ ಬಾಗಿದ ತೆಳ್ಳನೆ ಮೈ. ಓದಲು ಬಲು ಸೊಗಸು. ಬೆಳದಿಂಗಳು, ತಿಳಿನೀರು, ತೇಲುವ ಬಿಳಿ ಮೋಡ, ಏನು ಬೇಕಾದರೂ ಇದೆ. ಮಧ್ಯೆ ಮಧ್ಯೆ ತನ್ನ ಪ್ರಿಯೆಯನ್ನು ಕರೆದು ಹೇಳುತ್ತಾನೆ ಕವಿ, ನೋಡು ಇದು ಹೀಗೆ, ಅದು ಹಾಗೆ ಅಂತ. ಇಡೀ ಪುಸ್ತಕದಲ್ಲಿ ಇರುವ ಹೆಂಗಸರೆಲ್ಲ ಒಂದೋ ನಲ್ಲನ ಜೊತೆಗಿರುವವರು, ಇಲ್ಲವೇ ನಲ್ಲ ದೂರ ಹೋಗಿರುವವರು. ಕೂದಲಿಗೆ ಹೂ ಮುಡಿಯುತ್ತಾರೆ, ಮೈಗೆ ಗಂಧ ಹಚ್ಚುತ್ತಾರೆ. ಮಗುವಿನ ಮೂಗು ಒರೆಸುವವಳು ಒಬ್ಬಳೂ ಇಲ್ಲ. ಆರೂ ಋತುವಿನಲ್ಲಿ ಯಾರ ಮನೆಯಲ್ಲೂ ಯಾರೂ ಅಡುಗೆ ಮಾಡುತ್ತಿಲ್ಲ!

ಪ್ರೇಮದ ಕಾವ್ಯದಲ್ಲಿ ಇದನ್ನೆಲ್ಲ ಹುಡುಕಬಾರದು, ಒಪ್ಪುತ್ತೇನೆ. ರಾತ್ರಿ ಮೂರು ಗಂಟೆಗೆ ಬೆವರು ಒರೆಸಿಕೊಳ್ಳುತ್ತಾ ಓದುವವಳಿಗೆ ಅಷ್ಟು ನ್ಯಾಯಬುದ್ಧಿ ಇರೋದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬಾಗಿದ ಭತ್ತ. ಕವಿ ಕಂಡಿದ್ದೂ ಅದೇ ಗದ್ದೆ, ಅದೇ ತಿಂಗಳು. ಅವನಿಗೆ ಅದರಲ್ಲಿ ನಡು ಬಳುಕುವ ಹುಡುಗಿ ಕಂಡಳು. ಸೊರಬದ ಕಡೆ ನನ್ನ ಅಜ್ಜಿಗೆ ಅದೇ ಭತ್ತದಲ್ಲಿ ಕಂಡಿದ್ದು ತುಂಬಿದ ಬಸುರಿ. ಬಸುರಿಯನ್ನು ಸುಮ್ನೆ ನೋಡುತ್ತಾ ನಿಲ್ಲೋಕಾಗುತ್ತಾ? ಅವಳಿಗೆ ಉಣ್ಣೋಕೆ ಹಾಕಬೇಕು.

ಹುಣ್ಣಿಮೆಯ ಹಿಂದಿನ ರಾತ್ರಿ

ಭೂಮಿ ಹುಣ್ಣಿಮೆ ಗೊತ್ತಿರುವವರಿಗೆ ಹೊಸದಾಗಿ ಹೇಳಬೇಕಿಲ್ಲ. ಉತ್ತರ ಕರ್ನಾಟಕದವರಿಗೆ ಶೀಗಿ ಹುಣ್ಣಿಮೆ. ಅಲ್ಲಿ ಹೊಲಕ್ಕೆ ಚರಗ ಚೆಲ್ಲುತ್ತಾರೆ, ಅಂದರೆ ಎಡೆಯ ಅಡುಗೆಯನ್ನು ಹೊಲದ ತುಂಬ ಬೀರುತ್ತಾರೆ, ಬಂಡಿ ಕಟ್ಟಿಕೊಂಡು ಹೋಗಿ ಎಲ್ಲರೂ ಅಲ್ಲೇ ಉಣ್ಣುತ್ತಾರೆ. ನಮ್ಮ ಮಲೆನಾಡಿನಲ್ಲಿ ಅದು ಭೂಮಿಗೆ ಮಾಡುವ ಸೀಮಂತ. ನಮ್ಮದು ದೀವರ ಸಮುದಾಯದ ಮನೆ. ವಿಜಯದಶಮಿ ಮುಗಿದ ಕೂಡಲೇ ಗದ್ದೆಗೆ ಎಡೆ ಹೊರುವ ಭೂಮಣ್ಣಿ ಬುಟ್ಟಿ ಅಟ್ಟದಿಂದ ಇಳಿಯುತ್ತಿತ್ತು. ಜೊತೆಗೊಂದು ಚಿಕ್ಕ ಬುಟ್ಟಿ, ಹಚ್ಚಂಬಲಿಗೆ. ಎರಡಕ್ಕೂ ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಿಂದ ಚಿತ್ತಾರ ಬರೆಯೋದು. ಕುಂಚ ಅಂದರೆ ಪುಂಡಿ ನಾರು. ಹಳದಿ ಬೇಕಾದರೆ ಗುರಿಗೆ ಕಾಯಿ. ಬರೆಯುವ ಕೈ ದೊಡ್ಡಮ್ಮನದು, ಅಂದರೆ ನನ್ನಪ್ಪನ ಅಣ್ಣನ ಹೆಂಡತಿ. ಒಂದು ಗೆರೆ ಎಳೆದರೆ ಎಲ್ಲೂ ಅಲುಗುತ್ತಿರಲಿಲ್ಲ. ತೆನೆ, ಏಣಿ, ಹಕ್ಕಿ. ನಾವು ಮಕ್ಕಳು ಬುಟ್ಟಿ ಹಿಡಿದುಕೊಂಡು ಕೂರಬೇಕು, ಉಸಿರಾಡಿದರೂ ಬೈಗುಳ.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮಧ್ಯದ ಮಾತು. ನನಗೆ ಒಂಬತ್ತೋ ಹತ್ತೋ ವರ್ಷ. ಹುಣ್ಣಿಮೆಯ ಹಿಂದಿನ ಮಧ್ಯಾಹ್ನ ಮಕ್ಕಳನ್ನೆಲ್ಲ ಸೊಪ್ಪು ಕೊಯ್ಯಲು ಅಟ್ಟುತ್ತಿದ್ದರು. ನೂರೊಂದು ಕುಡಿ ಬೇಕು ಅಂತ ಲೆಕ್ಕ, ಯಾರೂ ಎಣಿಸುತ್ತಿರಲಿಲ್ಲ. ಕೆಸ, ಬಸಳೆ, ಹೊನಗೊನ್ನೆ, ಒಂದೆಲಗ, ಕುಂಬಳದ ಕುಡಿ, ಗೆಣಸಿನ ಕುಡಿ, ಬೇಲಿ ಮೇಲೆ ಕೈಗೆ ಸಿಕ್ಕಿದ್ದು. ಅಜ್ಜಿ ಚಾವಡಿಯಲ್ಲಿ ಕೂತು ಒಂದೊಂದನ್ನೂ ಮೂಸಿ ನೋಡಿ, ಬೇಡದ್ದನ್ನು ಬಿಸಾಕುತ್ತಿದ್ದಳು. ಬಸುರಿಗೆ ಬಯಕೆ ಯಾವುದರ ಮೇಲೆ ಅಂತ ಹೇಳೋಕಾಗಲ್ಲ, ಅದಕ್ಕೇ ಎಲ್ಲ ಸ್ವಲ್ಪ ಸ್ವಲ್ಪ ಇರಬೇಕು ಅನ್ನುವುದು ಅವಳ ತರ್ಕ.

ಅಡುಗೆ ರಾತ್ರಿಯೇ ಆಗಬೇಕು. ಬೆಳಕು ಹರಿಯುವ ಮುಂಚೆ ಬುಟ್ಟಿ ಗದ್ದೆಗೆ ಹೋಗಬೇಕಲ್ಲ. ಹೆಂಗಸರು ಮಿಂದು ಒಲೆ ಹೊತ್ತಿಸಿದರೆ ಬೆಳಗಿನವರೆಗೆ ಆರಿಸುವಂತಿಲ್ಲ. ಗಂಡಸರು ಮಲಗುತ್ತಿದ್ದರು. ಮಕ್ಕಳೂ ಮಲಗಬೇಕಿತ್ತು, ನಾನು ಅಡುಗೆಮನೆಯ ಹೊಸ್ತಿಲಾಚೆ ಕಂಬಳಿ ಹೊದ್ದು ಮಲಗಿದವಳ ಹಾಗೆ ಬಿದ್ದುಕೊಂಡಿದ್ದೆ. ಬಾಳೆಲೆಯನ್ನು ಕೆಂಡದ ಮೇಲೆ ಬಾಡಿಸುವ ವಾಸನೆ. ಕೊಟ್ಟೆ ಕಡುಬಿಗೆ ಹಿಟ್ಟು ಕಲಸುವ ಸದ್ದು. ಚೀನಿಕಾಯಿ, ಹೀರೆಕಾಯಿ, ಅಮಟೆಕಾಯಿ ಹೆಚ್ಚುವ ಈಳಿಗೆಮಣೆ. ಚಿಮಣಿ ದೀಪದ ಬೆಳಕಿನಲ್ಲಿ ಮೂವರ ನೆರಳೂ ಗೋಡೆ ಮೇಲೆ ಓಡಾಡುತ್ತಿತ್ತು. ಅಜ್ಜಿ, ದೊಡ್ಡಮ್ಮ, ಅವ್ವ.

ನಡುರಾತ್ರಿ ದಾಟಿದ ಮೇಲೆ ಇದ್ದಕ್ಕಿದ್ದಂತೆ ದೊಡ್ಡಮ್ಮ ಸೌಟು ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಕುತ್ತಿಗೆ ಒರೆಸಿಕೊಂಡಳು, ರವಿಕೆಯ ಮೇಲಿನ ಗುಂಡಿ ಬಿಚ್ಚಿದಳು. "ಈ ಒಲೆ ಸೆಕೆ ತಡೆಯೋಕಾಗಲ್ಲ" ಅಂತ ಎದ್ದು ನನ್ನನ್ನು ದಾಟಿಕೊಂಡು ಹಿತ್ತಲ ಬಾಗಿಲು ತೆಗೆದು ಹೊರಗೆ ಹೋದಳು. ಹೊರಗೆ ಅಂದರೆ ಅಂಥಿಂಥ ಹೊರಗಲ್ಲ, ಮಲೆನಾಡಿನ ಅಕ್ಟೋಬರ್ ರಾತ್ರಿ. ಬಾಗಿಲಿಂದ ಬಂದ ಗಾಳಿಗೆ ನಾನು ಕಂಬಳಿ ಎಳೆದುಕೊಂಡೆ. ಕಂಬಳಿ ಸಂದಿಯಿಂದ ನೋಡಿದರೆ ಅವಳು ಅಂಗಳದ ನಡುವೆ ಬರಿಗಾಲಲ್ಲಿ ನಿಂತಿದ್ದಾಳೆ. ಎರಡೂ ಕೈ ಸೊಂಟದ ಮೇಲೆ. ಮುಖ ಮೇಲೆ ಮಾಡಿಕೊಂಡಿದ್ದಾಳೆ. ಬೆಳದಿಂಗಳು ಎಷ್ಟಿತ್ತು ಅಂದರೆ ಅವಳ ಮೈಯಿಂದ ಹಬೆ ಏಳೋದು ಕಾಣುತ್ತಿದೆ ಅಂತ ನನಗನ್ನಿಸಿತು. ಅದು ನಿಜವೋ, ಆಮೇಲೆ ನಾನು ಸೇರಿಸಿಕೊಂಡದ್ದೋ.

ಅವ್ವ ಗೊಣಗಿದಳು. ಇಷ್ಟು ಕೆಲಸ ಬಿದ್ದಿರುವಾಗ ಅಕ್ಕ ಹೊರಗೆ ಹೋಗಿ ನಿಂತರೆ ಹೇಗೆ ಅಂತ. ಅವ್ವನಿಗೆ ಆಗ ಮೂವತ್ತೆರಡಿರಬೇಕು. ಅಜ್ಜಿ ಸೌಟು ತಾನು ತೆಗೆದುಕೊಂಡಳು. "ನಿಲ್ಲಲಿ ಬಿಡೆ. ಒಲೆ ಸೆಕೆ ಅಲ್ಲ ಅದು" ಅಂದಳು. ಅಷ್ಟೇ. ಹೊರಗಿದ್ದವಳನ್ನು ಯಾರೂ ಕರೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವಳೇ ಬಂದಳು. ಬಂದವಳು ಮತ್ತೆ ಕೂತು ಉಳಿದಷ್ಟೂ ಕಡುಬು ಕಟ್ಟಿದಳು. ಆ ರಾತ್ರಿ ಇನ್ನೊಂದು ಸಲವೂ ಎದ್ದು ಹೋದಳು.

ಮುಂದಿನದು ಎಲ್ಲರೂ ಹೇಳುವ ಕಥೆ. ನಸುಕಿನಲ್ಲಿ ಅಪ್ಪ ಬುಟ್ಟಿ ತಲೆ ಮೇಲಿಟ್ಟುಕೊಂಡು, ದೊಡ್ಡಪ್ಪ ಸೂಡಿ ಹಿಡಿದು, ಹಿಂದೆ ನಾವೆಲ್ಲ. ಬದುವಿನ ಮೇಲೆ ಇಬ್ಬನಿ, ಕಾಲೆಲ್ಲ ಒದ್ದೆ. ಭತ್ತದ ಒಂದು ಹಿಡಿಗೆ ಕರಿಮಣಿ ತೊಡಿಸಿ, ಹೊಸ ಸೀರೆ ಸುತ್ತಿ, ಅರಿಶಿನ ಕುಂಕುಮ ಇಟ್ಟು ಪೂಜೆ. ಆಮೇಲೆ ಅಪ್ಪ ಗದ್ದೆ ಸುತ್ತ ಚರಗ ಬೀರುತ್ತಾ ಕೂಗುವುದು:

"ಹಚ್ಚಂಬಲಿ, ಹಾಲಂಬಲಿ, ಬೇಲಿ ಮ್ಯಾಲಿನ ದಾರ ಹೀರೇಕಾಯಿ, ಗುಡ್ಡದ ಮ್ಯಾಲಿನ ನೂರೊಂದು ಕುಡಿ, ಭೂಮ್ತಾಯಿ ಬಂದು ಉಂಡು ಹೋಗ್ಲಿ!"

ಅಕ್ಕಪಕ್ಕದ ಗದ್ದೆಗಳಿಂದಲೂ ಅದೇ ಕೂಗು. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ. ಇಲಿಗೂ ಯಾಕೆ ಅಂತ ಕೇಳಿದ್ದಕ್ಕೆ ಅಪ್ಪ, ಹೇಗೂ ತಿನ್ನುತ್ತೆ, ಕರೆದು ಕೊಟ್ಟರೆ ಮರ್ಯಾದೆ ಅಂದಿದ್ದ. ಒಂದು ಕಡುಬನ್ನು ಗದ್ದೆಯಲ್ಲೇ ಹುಗಿಯುತ್ತಿದ್ದೆವು. ಕಡೆಗೆ ಅಲ್ಲೇ ಕೂತು ಊಟ. ಭತ್ತ ಹೂವಾಗಿರುವ ದಿನಗಳವು. ಭತ್ತದ ಹೂವು ಬೆಳಗಿನ ಒಂದೆರಡು ತಾಸು ಬಿಚ್ಚಿಕೊಂಡು ಮುಚ್ಚಿಕೊಂಡುಬಿಡುತ್ತೆ. ಆ ಹೊತ್ತಿಗೆ ಜೋರು ಮಳೆ ಹೊಡೆದರೆ ಪರಾಗ ತೊಳೆದುಹೋಗಿ ಕಾಳೆಲ್ಲ ಜೊಳ್ಳು. ಚಿತ್ತೆಗೆ ಹೆದರಿಕೊಳ್ಳುವುದು ಅದಕ್ಕೇ. ಹೂವಾದ ಮೇಲೆ ಹಾಲುಗಾಳು, ಆಮೇಲೆ ಗಟ್ಟಿ. ಸುಮಾರು ಒಂದು ತಿಂಗಳು. ಭೂಮಿಗೆ ಬಡಿಸಿ ಒಳ್ಳೆಯ ಮಾತಾಡಿ ಬರುವುದರ ಹಿಂದೆ ಭಕ್ತಿ ಎಷ್ಟಿತ್ತೋ ಭಯವೂ ಅಷ್ಟೇ ಇತ್ತು.

ಮನೆಗೆ ವಾಪಸ್ ಬಂದಾಗ ದೊಡ್ಡಮ್ಮ ಅಡುಗೆಮನೆ ಗೋಡೆಗೆ ಒರಗಿ ಬಾಯಿ ಬಿಟ್ಟುಕೊಂಡು ನಿದ್ದೆ ಹೋಗಿದ್ದಳು. ಅವಳು ಆ ಸಲ ಗದ್ದೆಗೇ ಬಂದಿರಲಿಲ್ಲ. ಈಗ ಪ್ರತಿ ಅಕ್ಟೋಬರಿನಲ್ಲೂ ಬಣ್ಣದ ಬುಟ್ಟಿಯ ಫೋಟೋ ಹಾಕಿ, ಭೂಮಿಗೆ ಸೀಮಂತ ಮಾಡುವ ಎಂಥ ಸಂಸ್ಕೃತಿ ನಮ್ಮದು ಅಂತ ಬರೆಯುತ್ತಾರೆ. ಹೆಮ್ಮೆ ನನಗೂ ಇದೆ. ಆದರೆ ಆ ಫೋಟೋಗಳಲ್ಲಿ ಹಿಂದಿನ ರಾತ್ರಿ ಇರೋದಿಲ್ಲ.

ಮತ್ತೆರಡು ಪುಸ್ತಕ

ಈ ದಸರಾವನ್ನು, ಅಂದರೆ 2025ರದ್ದನ್ನು, ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟಿಸಿದ್ದು ಕಥೆಗಾರ್ತಿ ಬಾನು ಮುಷ್ತಾಕ್. ಆ ವಿಷಯಕ್ಕೆ ಊರಲ್ಲಿ ಎಷ್ಟು ಗಲಾಟೆಯಾಯಿತು ಅಂತ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ ಅವರ ಕಥೆಗಳ ದೀಪಾ ಭಾಸ್ತಿ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗಲೇ ಓದಬೇಕು ಅಂದುಕೊಂಡಿದ್ದೆ. ಮಗಳ ವೀಸಾ ಓಡಾಟದಲ್ಲಿ ಆಗಿರಲಿಲ್ಲ. ದಸರಾ ಮುಗಿದ ಮೇಲೆ ಒಂದು ರಾತ್ರಿ 'ಎದೆಯ ಹಣತೆ' ಕಥೆ ಓದಿದೆ.

ಗಂಡ ಬೇರೆ ಹೆಣ್ಣಿನ ಹಿಂದೆ ಹೋದ ಮೇಲೆ ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರು ಅವಳನ್ನು ಇಟ್ಟುಕೊಳ್ಳುವುದಿಲ್ಲ. ಅಣ್ಣಂದಿರು ವಾಪಸ್ ಕರೆತಂದು ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಅವಳನ್ನು ತಡೆಯುವುದು ಹಿರಿಯ ಮಗಳು ಸಲ್ಮಾ. ನನಗೆ ನಿದ್ದೆ ಬರಲಿಲ್ಲ ಅಂದರೆ ಅದು ಸೆಕೆಯಿಂದಲ್ಲ. ಇಷ್ಟು ವರ್ಷ ನಾನು ತಾಯಿ-ಮಗಳ ಕಥೆಗಳನ್ನು ಮಗಳ ಕಡೆಯಿಂದ ಓದಿದ್ದೆ, ಆಮೇಲೆ ತಾಯಿಯ ಕಡೆಯಿಂದ. ಈ ಸಲ ಆ ಹುಡುಗಿ ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದಳು ಅನ್ನುವುದೇ ತಲೆಯಲ್ಲಿ ಕೂತಿತು. ಮಕ್ಕಳು ಮಲಗಿದ್ದಾರೆ ಅಂತ ನಾವು ಅಂದುಕೊಳ್ಳುವ ರಾತ್ರಿಗಳಲ್ಲಿ ಅವರು ಮಲಗಿರುವುದಿಲ್ಲ. ನನಗೇ ಗೊತ್ತಿತ್ತಲ್ಲ, ಹೊಸ್ತಿಲಾಚೆ ಕಂಬಳಿಯೊಳಗೆ ಬಿದ್ದುಕೊಂಡು ದೊಡ್ಡಮ್ಮನನ್ನು ನೋಡಿದವಳು. ನನ್ನ ಮಗಳು ಏನೇನು ನೋಡಿದ್ದಾಳೋ. ಒಂದು ದಿನ ಫೋನಿನಲ್ಲಿ ಕೇಳಿಯೇಬಿಟ್ಟೆ. "ತುಂಬಾ ಇದೆ ಅಮ್ಮ, ನಿಧಾನಕ್ಕೆ ಹೇಳ್ತೀನಿ" ಅಂದಳು. ಈಗಲೂ ಕಾಯುತ್ತಿದ್ದೇನೆ.

ಇನ್ನೊಂದು, ಕಾರಂತರ 'ಮೂಕಜ್ಜಿಯ ಕನಸುಗಳು'. ಕಾಲೇಜಿನಲ್ಲಿ ಪಾಸಾಗೋಕೆ ಓದಿದ್ದೆ. 1968ರ ಕಾದಂಬರಿ, 1977ರ ಜ್ಞಾನಪೀಠ ಇದಕ್ಕೇ ಬಂತು ಅನ್ನುವಷ್ಟು ನೆನಪಿತ್ತು, ಅಜ್ಜಿ ಮಾತ್ರ ಮರೆತೇಹೋಗಿದ್ದಳು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವಳು ಅವಳು. ಹೆರಲಿಲ್ಲ, ಸಂಸಾರ ಮಾಡಲಿಲ್ಲ. ಆದರೂ ಹುಟ್ಟು, ಕಾಮ, ದೇವರು ಯಾವುದರ ಬಗ್ಗೆ ಮಾತಾಡುವಾಗಲೂ ಅವಳಿಗೆ ಅಳುಕಿಲ್ಲ. ಮೊಮ್ಮಗ ತಂದುಕೊಟ್ಟ ಹಳೆಯ ವಸ್ತುವನ್ನು ಕೈಯಲ್ಲಿ ಹಿಡಿದರೆ ಸಾಕು, ಅದರ ಹಿಂದಿನದೆಲ್ಲ ಕಾಣಿಸುತ್ತೆ. ಇಪ್ಪತ್ತರಲ್ಲಿ ಓದಿದಾಗ ಅದನ್ನು ಪವಾಡ ಅಂದುಕೊಂಡಿದ್ದೆ. ಈಗ ಓದಿದರೆ ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದು ಕಂಡಿತು. ಒಬ್ಬ ಮುದುಕಿ ಏನೋ ಹೇಳುತ್ತಾಳೆ, ಒಬ್ಬ ಹುಡುಗ ಕೂತು ಅಷ್ಟನ್ನೂ ಕೇಳುತ್ತಾನೆ. ನಮ್ಮ ಮನೆಗಳಲ್ಲಿ ಇದು ನಡೆಯುವುದು ಅಪರೂಪ. ಅಜ್ಜಿ ಆ ರಾತ್ರಿ "ಒಲೆ ಸೆಕೆ ಅಲ್ಲ ಅದು" ಅಂದಾಗ ಮುಂದೇನು ಅಂತ ಅವ್ವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮದುವಣಗಿತ್ತಿ, ಬಸುರಿ, ಬೆಂಕಿಕಡ್ಡಿ ಹಿಡಿದ ತಾಯಿ, ಎಲ್ಲ ಕಂಡ ಮುದುಕಿ. ಪುಸ್ತಕಗಳಲ್ಲೋ ಅಜ್ಜಿಯ ಮಾತಿನಲ್ಲೋ ಇವರೆಲ್ಲ ಸಿಕ್ಕರು. ಕೆಲಸದ ನಡುವೆ ಎದ್ದು ಅಂಗಳದಲ್ಲಿ ಹೋಗಿ ನಿಂತವಳು ಸಿಗಲಿಲ್ಲ. ಅವಳ ಬಗ್ಗೆ ಯಾರಾದರೂ ಬರೆದಿರಬಹುದು, ಗೊತ್ತಿದ್ದವರು ತಿಳಿಸಿ. ನನಗೆ ಅವಳು ಬೇಕಾಗಿದ್ದಾಳೆ. ಯಾಕಂದರೆ ಆ ರಾತ್ರಿಯಲ್ಲಿ ಭೂಮಿಗಾಗಲಿ, ಒಲೆಗಾಗಲಿ ಏನು ಬೇಕು ಅಂತ ಚೆನ್ನಾಗಿ ಗೊತ್ತಿದ್ದದ್ದು ಅವಳಿಗೆ. ಅವಳ ಸ್ವಂತ ಬಸಿರು ಬಾಣಂತನ ಎಲ್ಲ ಮುಗಿದಿತ್ತು. ಮಕ್ಕಳು ದೊಡ್ಡವರಾಗಿದ್ದರು. ಒಬ್ಬ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿ ಆಗಿತ್ತು. ಆದರೂ ಅವಳ ಕೈಯಿಲ್ಲದೆ ಬುಟ್ಟಿ ಏಳುತ್ತಿರಲಿಲ್ಲ. ಅವಳ ಮನೆ ಬಿಕೋ ಅನ್ನುತ್ತಾ ಅಂತ ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಮೊದಲಿಗೆ ಅವಳಿಗೇ ಇರಲಿಲ್ಲ. ಅದು ಒಳ್ಳೆಯದಾಗಿತ್ತು ಅಂತ ನಾನು ಹೇಳುತ್ತಿಲ್ಲ. ಗೋಡೆಗೆ ಒರಗಿ ಬಾಯಿ ಬಿಟ್ಟು ಮಲಗಿದ್ದನ್ನೂ ನೋಡಿದ್ದೇನಲ್ಲ. ಒಣಗಿದ ಎಲೆ ಮಾತ್ರ ಅವಳು ಖಂಡಿತ ಆಗಿರಲಿಲ್ಲ.

ಅವ್ವನ ಫೋನು

ದೊಡ್ಡಮ್ಮ ಈಗಿಲ್ಲ. ಹೋದ ವಾರ ಅವ್ವನಿಗೆ ಫೋನ್ ಮಾಡಿ ಆ ರಾತ್ರಿಯ ಬಗ್ಗೆ ಕೇಳಿದೆ. ಅವ್ವನಿಗೆ ಆ ಒಂದು ರಾತ್ರಿ ನೆನಪಿಲ್ಲ. ಯಾಕಂದರೆ ಅಂಥವು ಎಷ್ಟೋ ಇದ್ದವಂತೆ. "ಅಯ್ಯೋ, ಅಕ್ಕನ ಸೆಕೆನಾ? ನಮ್ಮನ್ನೆಲ್ಲ ಕುಣಿಸಿಬಿಟ್ಟಿದ್ದಳು ಮಾರಾಯ್ತಿ. ಚಳಿಗಾಲದಲ್ಲಿ ಬಾವಿಕಟ್ಟೆ ಮೇಲೆ ಹೋಗಿ ಮಲಗೋದು. ನಿನ್ನ ದೊಡ್ಡಪ್ಪ ದೆವ್ವ ಮೆಟ್ಟಿಕೊಂಡಿದೆ ಅಂತ ಹೆದರಿ ಅಂತ್ರ ಕಟ್ಟಿಸಿಕೊಂಡು ಬಂದಿದ್ರು. ಅಜ್ಜಿ ಅದನ್ನ ಕಿತ್ತು ಒಲೆಗೆ ಹಾಕಿದ್ದಳು." ಸ್ವಲ್ಪ ಹೊತ್ತು ನಕ್ಕಳು. ಆಮೇಲೆ ದನಿ ಇಳಿಸಿ, "ನಿಂಗೂ ಶುರುವಾಯ್ತೇನೆ?" ಅಂದಳು.

ಹೂಂ ಅಂದೆ.

"ಮಜ್ಜಿಗೆ ಕುಡಿ. ಹೊರಗೆ ಹೋಗಿ ನಿಂತ್ಕೊ."

ಮೂರನೇ ಮಹಡಿಯಲ್ಲಿ ಹೊರಗೆ ಅಂದರೆ ಬಾಲ್ಕನಿ, ಬಾಲ್ಕನಿ ತುಂಬ ಬಟ್ಟೆ. ಅದನ್ನು ಅವ್ವನಿಗೆ ಹೇಳಲು ಹೋಗಲಿಲ್ಲ. ಈ ವರ್ಷ ಹುಣ್ಣಿಮೆ ಹೇಗಾಯಿತು ಅಂತ ಕೇಳಿದೆ. ಕೆಳಗಿನ ಗದ್ದೆ ಪೂರ್ತಿ ಅಡಿಕೆ ಮಾಡಿ ಆಗಿದೆ. ಸುತ್ತಮುತ್ತ ಎಲ್ಲರದ್ದೂ ಅದೇ ಕಥೆ, ಭತ್ತದಲ್ಲಿ ಗಿಟ್ಟೋದಿಲ್ಲ, ಆಳು ಸಿಗೋದಿಲ್ಲ. ತಮ್ಮ ಅಡಿಕೆ ಮರದ ಬುಡಕ್ಕೇ ಸೀರೆ ಸುತ್ತಿ ಪೂಜೆ ಮಾಡಿದ್ದಾನೆ. ನನಗೆ ಹೊಟ್ಟೆಯೊಳಗೆ ಏನೋ ಚುರ್ ಅಂತು. ಬಾಗಿದ ತೆನೆ ಇಲ್ಲದ ಭೂಮಿ ಹುಣ್ಣಿಮೆ ಎಂಥದ್ದು ಅಂದೆ. ಅವ್ವನಿಗೆ ಅಂಥ ತಕರಾರೇನೂ ಇದ್ದಂತಿಲ್ಲ. "ಭೂಮಿ ಅದೇ ಅಲ್ವೇನೆ? ಹೊತ್ತಿದ್ದು ಭತ್ತ ಆದ್ರೇನು, ಅಡಿಕೆ ಆದ್ರೇನು. ಹೊತ್ತವಳಿಗೆ ಹಸಿವು ಇದ್ದೇ ಇರುತ್ತೆ" ಅಂದಳು. ಬುಟ್ಟಿಯ ಚಿತ್ತಾರ ಮಾತ್ರ ಈ ಸಲ ಸರಿಯಾಗಲಿಲ್ಲವಂತೆ. ಅವ್ವನ ಕೈ ನಡುಗುತ್ತೆ. ತಮ್ಮನ ಹೆಂಡತಿ ಅಂಗಡಿಯ ಪೇಂಟ್ ತಂದು ಬರೆದಳಂತೆ, ಚೆನ್ನಾಗೇ ಬರೆದಳಂತೆ. "ಆದ್ರೂ..." ಅಂತ ಅಲ್ಲಿಗೇ ನಿಲ್ಲಿಸಿದಳು.

ಮುಂದಿನ ವರ್ಷ ನಾನು ಬರುತ್ತೇನೆ ಅಂದೆ. ವಿಜಯದಶಮಿ ಮರುದಿನವೇ ಬರುತ್ತೇನೆ, ಬುಟ್ಟಿ ನಾನು ಬರೆಯುತ್ತೇನೆ, ರಾತ್ರಿ ಅಡುಗೆಗೂ ಕೂರುತ್ತೇನೆ. ಹೇಗೂ ನನಗೆ ಆ ಹೊತ್ತಿಗೆ ಎಚ್ಚರವಾಗಿರುತ್ತೆ. ನೀನು ಮಲಗು, ಗದ್ದೆಗೆ, ಅಲ್ಲ, ತೋಟಕ್ಕೆ ಹೋಗೋ ಹೊತ್ತಿಗೆ ಎಬ್ಬಿಸುತ್ತೇನೆ, ಎಲ್ಲರಿಗಿಂತ ಮೊದಲು ನಿನಗೇ ಬಡಿಸುತ್ತೇನೆ ಅಂದೆ.

"ಭೂಮ್ತಾಯಿಗಿಂತ ಮೊದಲು ನಂಗಾ? ಚೆನ್ನಾಗಿದೆ!" ಅಂದಳು. ಬೇಡ ಅನ್ನಲಿಲ್ಲ ಅನ್ನೋದನ್ನು ಗಮನಿಸಿದೆ. "ಪುಂಡಿ ನಾರು ಈಗಲೇ ತೆಗೆದಿಡೋಕೆ ನಿನ್ನ ತಮ್ಮನಿಗೆ ಹೇಳ್ತೀನಿ. ಕೊಟ್ಟೆ ಕಡುಬು ನಿನ್ನ ಕೈಲಾಗುತ್ತೇನೆ? ಬಾಳೆಲೆ ಬಾಡಿಸೋದೇ ಗೊತ್ತಿಲ್ಲ ನಿಂಗೆ, ಗ್ಯಾಸಿನ ಮೇಲೆ ಹಿಡಿದು ಸುಟ್ಟು ಹಾಕ್ತೀಯ."

ಹೇಳು, ಬರೆದುಕೊಳ್ಳುತ್ತೇನೆ ಅಂದೆ. ಅದು ಬರೆದುಕೊಳ್ಳುವಂಥದ್ದಲ್ಲ, ಬಂದು ನೋಡು ಅಂದಳು. ಹಾಗಂತ ಹೇಳಿ ಹೇಳಿಯೂ ಅಕ್ಕಿ ಎಷ್ಟು ಹೊತ್ತು ನೆನೆಸಬೇಕು, ಎಲೆಯ ಯಾವ ಬದಿಗೆ ಕಾವು ಕೊಡಬೇಕು, ದಿಂಡು ಸೀಳುವುದು ಎಲ್ಲಿಂದ, ಎಲ್ಲ ಹೇಳುತ್ತಲೇ ಹೋದಳು. ಬ್ಯಾಂಕಿನ ಹಳೆಯ ವೋಚರ್ ಹಿಂದೆ ಎರಡೂ ಬದಿ ತುಂಬಿತು. ಇವರು ಬಾಗಿಲಲ್ಲಿ ನಿಂತು ಯಾರ ಫೋನು ಅಂತ ಸನ್ನೆ ಮಾಡಿದರು, ಇನ್ನೊಂದು ಕಾಗದ ತನ್ನಿ ಅಂತ ನಾನೂ ಸನ್ನೆ ಮಾಡಿದೆ.